"ನಿಮಗೆ ಅಭ್ಯಾಸ ಉಂಟಲ್ವಾ"

ಎರಡು ದಿನದಿಂದ ಮೆಟ್ಟಿಲು ಇಳಿಯಲಿಕ್ಕೆ ಆಗುತ್ತಿಲ್ಲ. ಆಫೀಸಿನಲ್ಲಿ ಫೈಲ್ ಹಿಡಿದುಕೊಂಡು ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತಿದ್ದೇನೆ. ಕಾರಣ ಕುಮಾರ ಪರ್ವತ. ನಗುವವರು ನಕ್ಕು ಮುಗಿಸಿ ಆಮೇಲೆ ಓದಿ, ಸ್ವಲ್ಪ ಉದ್ದ ಉಂಟು.

ನಾನು ಮರ್ಕಂಜದವನು. ಎಲಿಮಲೆ, ಗುತ್ತಿಗಾರು ದಾಟಿದರೆ ಸುಬ್ರಹ್ಮಣ್ಯ. ಇಷ್ಟು ಹತ್ತಿರ ಇದ್ದೂ ನಲವತ್ತಾರು ವರ್ಷ ಆ ಬೆಟ್ಟವನ್ನು ದೂರದಿಂದ ನೋಡಿದ್ದಷ್ಟೆ. ನಮ್ಮ ಕೇರಿಯಲ್ಲಿ ಗುಡ್ಡ ಹತ್ತುವುದು ಅಂದರೆ ಕೆಲಸ. ರಜೆ ನೋಡಿ, ದುಡ್ಡು ಕಟ್ಟಿ ಗುಡ್ಡ ಹತ್ತುವವರಿದ್ದಾರೆ ಅಂತ ಅಪ್ಪನಿಗೆ ಹೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು.

ಬೊಂತೆಲ್ ತಿಂಗಳು, ಮಳೆ ಬಿಟ್ಟು ಹುಲ್ಲು ಇನ್ನೂ ಹಸಿರು ಇರುವ ಹೊತ್ತು. ಆಫೀಸಿನವರು ಆದಿತ್ಯವಾರ ಹೋಗುವ ಅಂದರು. ಪಿಯುಸಿ ಓದುವ ಮಗಳು "ನಾನೂ ಬರ್ತೇನೆ" ಅಂತ ಹಟ ಹಿಡಿದಳು. 1,712 ಮೀಟರ್ ಎತ್ತರ. 2024ರ ಜನವರಿಯಲ್ಲಿ ಅಲ್ಲಿ ಜಾತ್ರೆಯ ಹಾಗೆ ಜನ ಸೇರಿದ ಫೋಟೋ ಎಲ್ಲ ನೋಡಿದ್ದೀರಿ, ಆಮೇಲೆ ಆನ್‌ಲೈನ್ ಬುಕ್ಕಿಂಗ್ ಬಂತು. ಮೇಲೆ ಟೆಂಟ್ ಹಾಕಿ ಮಲಗುವ ಹಾಗಿಲ್ಲ. ಬೆಳಿಗ್ಗೆ ಹತ್ತಿ ಸಂಜೆಯೊಳಗೆ ಇಳಿಯಬೇಕು.

ಕತ್ತಲಲ್ಲೇ ಕುಕ್ಕೆ ತಲುಪಿದೆವು. ರಥಬೀದಿಯಲ್ಲಿ ನಿಂತಾಗ ಮಗಳಿಗೆ ಎರಡು ವಿಷಯ ಹೇಳಿದೆ. ಷಷ್ಠಿಯ ಬ್ರಹ್ಮರಥ ಕಟ್ಟುವವರು ಮಲೆಕುಡಿಯರು, ಕಾಡಿನ ಬೆತ್ತ ತಂದು. ಮತ್ತೆ, ಬ್ರಾಹ್ಮಣರು ಉಂಡ ಎಲೆಯ ಮೇಲೆ ಜನ ಉರುಳುತ್ತಿದ್ದದ್ದು ಇಲ್ಲೇ. ಮಡೆಸ್ನಾನ ಬೇಡ ಎಂದದ್ದಕ್ಕೆ 2011ರಲ್ಲಿ ಕೆ.ಎಸ್. ಶಿವರಾಮು ಅವರಿಗೆ ಹೊಡೆದದ್ದೂ ಇದೇ ಊರಿನಲ್ಲಿ. 2017ರ ಕಾಯ್ದೆಯಲ್ಲಿ ಅದು ನಿಷೇಧದ ಪಟ್ಟಿಗೆ ಬಂತು. ಅವಳು ಫೋನ್ ಒಳಗಿಟ್ಟು ಕೇಳಿದಳು. ನಮ್ಮೊಟ್ಟಿಗಿದ್ದವರು ಚಾ ಕುಡಿಯುವ ಕಡೆ ಸರಿದರು.

ಹತ್ತಲು ಶುರು ಮಾಡಿ ಅರ್ಧ ಗಂಟೆ ಆಗಿರಬಹುದು. ದಟ್ಟ ಕಾಡು, ಬೇರು ಹಿಡಿದು ಮೇಲೇರುವ ದಾರಿ, ಕಾಲಿಗೆ ಜಿಗಣೆ. ನನಗಿಂತ ಮೇಲಿನ ಹುದ್ದೆಯ ಒಬ್ಬರು ಏದುಸಿರು ಬಿಡುತ್ತಾ ಅವರ ಬ್ಯಾಗನ್ನು ನನ್ನ ಕಡೆ ಚಾಚಿದರು. "ಇದೊಂದು ಹಿಡ್ಕೊಳ್ಳಿ ಮಾರಾಯ್ರೆ, ನಿಮಗೆ ಅಭ್ಯಾಸ ಉಂಟಲ್ವಾ."

ಅಭ್ಯಾಸ! ಇಪ್ಪತ್ತೆರಡು ವರ್ಷದಿಂದ ನಾನು ಹೊತ್ತದ್ದು ಫೈಲು. ಕುರ್ಚಿಯಲ್ಲಿ ಕೂತು ಹೊಟ್ಟೆ ಬಂದಿದೆ, ಬಿಪಿ ಮಾತ್ರೆ ಉಂಟು. ಅವರು ಆ ಮಾತು ಹೇಳಿದ್ದು ನನ್ನ ಕಾಲು ನೋಡಿ ಅಲ್ಲ. ಅದು ಗೊತ್ತಿದ್ದೂ ನಾನೇನು ಮಾಡಿದೆ? "ಕೊಡಿ ಸರ್" ಅಂದೆ. ಸಭೆಯಲ್ಲಿ ಮೈಕ್ ಹಿಡಿದರೆ ಅರ್ಧ ಗಂಟೆ ಬಿಡದ ನಾನು, ಬ್ಯಾಗನ್ನು ಹೆಗಲಿಗೆ ಹಾಕಿಕೊಂಡೆ. ಇದನ್ನು ಇಲ್ಲಿ ಬರೆಯಲಿಕ್ಕೆ ನಾಚಿಕೆ ಆಗ್ತದೆ. ಆದರೂ ಬರೆದೆ.

ಅಪ್ಪನ ನೆನಪಾಯಿತು. ತಲೆಯಲ್ಲಿ ಮುಟ್ಟಾಳೆ, ಅದರ ಮೇಲೆ ಬೈರಾಸಿನ ಸಿಂಬಿ, ಮತ್ತೂ ಮೇಲೆ ಸೊಪ್ಪಿನ ಕಟ್ಟ. ಹೊರೆ ಇಳಿಯುವಾಗ ಮುಖ ಕಾಣುತ್ತಿರಲಿಲ್ಲ, ಸೊಪ್ಪು ನಡೆದು ಬಂದ ಹಾಗೆ ಕಾಣುತ್ತಿತ್ತು. ಸೊಪ್ಪು ಧಣಿಯ ತೋಟಕ್ಕೆ. ಗುಡ್ಡ ಸರಕಾರದ್ದಾದರೂ ಕುಮ್ಕಿ. ವರ್ಗ ಜಮೀನಿನ ಸುತ್ತ 100 ಗಜದೊಳಗೆ ಸೊಪ್ಪು, ಸೌದೆಯ ಸವಲತ್ತು ವರ್ಗದಾರನಿಗೆ. ನಮ್ಮ ಒಲೆಗೆ ಅಮ್ಮ ಒಂದು ಕಟ್ಟ ಸೌದೆ ತಂದರೆ ಅದು ಕಳ್ಳತನ. 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಜಾಗ ಸಿಕ್ಕಿತು. ಅಪ್ಪ ಗೇಣಿದಾರರಲ್ಲ, ಕೂಲಿ. ಕೂಲಿಯವನ ಹೆಸರು ಯಾವ ಗೇಣಿ ಚೀಟಿಯಲ್ಲಿ ಇರ್ತದೆ? ನಮ್ಮವರಿಗೆಂದೇ ಕಾದಿರಿಸಿದ್ದ ಡಿ.ಸಿ. ಮನ್ನಾ ಜಾಗಕ್ಕೆ ಇವತ್ತಿಗೂ ಅರ್ಜಿ ಹಿಡಿದು ಓಡಾಡ್ತಿದ್ದೇವೆ. (ಡಿ.ಸಿ. ಅಂದರೆ ಜಿಲ್ಲಾಧಿಕಾರಿ ಅಂತ ತಿಳಿದ ಹುಡುಗರು ನಮ್ಮ ಸಂಘಟನೆಯಲ್ಲೇ ಇದ್ದಾರೆ. ಡಿಪ್ರೆಸ್ಡ್ ಕ್ಲಾಸ್ ಮಾರಾಯ್ರೆ.)

ಭೀಮನ ಕಲ್ಲಿನ ಹತ್ತಿರ ಕೂತಾಗ ಮಗಳು ಮೆಲ್ಲ ತುಳುವಿನಲ್ಲಿ ಕೇಳಿದಳು, ಆ ಬ್ಯಾಗ್ ಯಾರದ್ದು ಅಂತ. ಹೇಳಿದೆ. "ಅವರಿಗೆ ಹುಷಾರಿಲ್ವಾ?" ಇಲ್ಲ, ಚೆನ್ನಾಗಿದ್ದಾರೆ ಅಂದೆ. ಅವಳು ಮತ್ತೇನೂ ಕೇಳಲಿಲ್ಲ. ನೀರಿನ ಬಾಟಲಿಯ ಮುಚ್ಚಳ ಹಾಕಿ ಮುಂದೆ ಹೋದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಗಿರಿಗದ್ದೆಯಲ್ಲಿ ಕಾಡು ಮುಗಿದು ಬಯಲು ಹುಲ್ಲು ತೆರೆಯಿತು. ಅಲ್ಲಿ ಬ್ಯಾಗ್ ಇಳಿಸಿ ಅವರ ಕಾಲಿನ ಹತ್ತಿರ ಇಟ್ಟೆ. "ಸರ್, ನಿಮ್ಮದು." "ಅಯ್ಯೋ, ಇನ್ನು ಸ್ವಲ್ಪ..." ಅಂದರು. "ನನಗೆ ಅಭ್ಯಾಸ ಇಲ್ಲ ಸರ್. ನನ್ನ ಅಪ್ಪನಿಗಿತ್ತು" ಅಂದೆ. ಸ್ವರ ನಡುಗಿತು, ಏದುಸಿರಿಗೆ ಅಂತ ತಿಳಿದರೋ ಏನೋ. ಯಾರೂ ಮಾತಾಡಲಿಲ್ಲ. ಒಬ್ಬ ಕಿರಿಯ ಹುಡುಗ ಬ್ಯಾಗಿಗೆ ಕೈ ಹಾಕಿದ, ಅವರು ಬೇಡವೆಂದು ತಾವೇ ಹಾಕಿಕೊಂಡರು.

ಅಲ್ಲಿಂದ ಮೇಲಿನದ್ದು ನಿಜವಾದ ಏರು. ಕಲ್ಲು ಮಂಟಪದವರೆಗೆ ನೆರಳಿಲ್ಲ, ಶೇಷ ಪರ್ವತ ಹತ್ತಿ "ಬಂತು" ಅನ್ನುವಾಗ ಮತ್ತೆ ಇಳಿದು, ಕಾಡು ದಾಟಿ, ಒಂದು ಬಂಡೆಯನ್ನು ಕೈಕಾಲು ಊರಿ ಹತ್ತಬೇಕು. ಆ ಬಂಡೆಯಲ್ಲಿ ಮಗಳು ಮೇಲಿಂದ ಕೈ ಕೊಟ್ಟಳು. ತುದಿಯಲ್ಲಿ ಗಾಳಿ, ಮಂಜು. ಆಚೆ ಕೊಡಗು. ಮಂಜು ಒಮ್ಮೆ ಸರಿದಾಗ ಕೆಳಗೆ ನಮ್ಮ ಕಡೆಯ ಗುಡ್ಡಗಳೆಲ್ಲ ಸೊಪ್ಪಿನ ಕಟ್ಟದ ಹಾಗೆ ಒತ್ತೊತ್ತಾಗಿ ಕಂಡವು. "ಅಜ್ಜ ಸೊಪ್ಪು ಹೊರ್ತಿದ್ದ ಗುಡ್ಡ ಯಾವುದು?" ಅಂದಳು. ಇಲ್ಲಿಂದ ಗುರುತು ಸಿಗುವುದಿಲ್ಲ, ಅಲ್ಲೀಗ ರಬ್ಬರು, ಸುತ್ತ ಬೇಲಿ ಅಂದೆ.

"ಬರುವ ಆದಿತ್ಯವಾರ ಅಲ್ಲಿಗೆ ಹೋಗುವ."

"ಬೇಲಿ ಉಂಟು ಮಗಾ."

"ಬೇಲಿವರೆಗೆ ಹೋಗುವ ಅಪ್ಪಾ."

ಸರಿ ಅಂದಿದ್ದೇನೆ. ಅಷ್ಟರೊಳಗೆ ಈ ಮೊಣಕಾಲು ಸರಿಯಾಗಬೇಕು. ಯಾರಿಗಾದರೂ ಒಳ್ಳೆ ಎಣ್ಣೆ ಗೊತ್ತಿದ್ದರೆ ಹೇಳಿ. ಜೈ ಭೀಮ್.