ಸ್ವಾರಸ್ಯಕ್ಕೆ ಮೂರು ಅಂಕ

ಪಕ್ಕದ ಮನೆ ಎಸ್ಸೆಸ್ಸೆಲ್ಸಿ ಹುಡುಗಿ ಬೆಳಿಗ್ಗೆಯಿಂದ ಜೋರಾಗಿ ಬಾಯಿಪಾಠ ಮಾಡ್ತಿದ್ದಾಳೆ. ಪದ್ಯವನ್ನಲ್ಲ, ಗೈಡಿನಲ್ಲಿರೋ ಪದ್ಯದ ಸ್ವಾರಸ್ಯವನ್ನು! ಬೇಂದ್ರೆಯವರ ಹಕ್ಕಿ ಅಂದ್ರೆ ಕಾಲ, ಮುಗೀತು. ಆ ಹಕ್ಕಿ ಅವಳ ಕಣ್ಣ ಮುಂದೆ ಒಮ್ಮೆಯಾದರೂ ಹಾರಿತೋ ಇಲ್ಲವೋ, ಯಾರೂ ಕೇಳಲ್ಲ.

ಅಮೆರಿಕದ ಕವಯಿತ್ರಿ ಸಾರಾ ಹೋಲ್‌ಬ್ರೂಕ್ ಕಥೆ ಗೊತ್ತಾ? ಟೆಕ್ಸಸ್‌ನ ಶಾಲಾ ಪರೀಕ್ಷೆಗೆ ಆಕೆಯ ಪದ್ಯಗಳನ್ನೇ ಕೊಟ್ಟು ಬಹು ಆಯ್ಕೆ ಪ್ರಶ್ನೆ ಕೇಳಿದ್ದರು. ಕೆಲವಕ್ಕೆ ಉತ್ತರ ತನಗೇ ಗೊತ್ತಿಲ್ಲ ಅಂತ 2017ರಲ್ಲಿ ಆಕೆ ಬರೆದುಬಿಟ್ಟರು. ಪದ್ಯವನ್ನು ಎರಡು ಭಾಗ ಮಾಡಿದ್ದು ಯಾಕೆ ಅನ್ನೋದು ಒಂದು ಪ್ರಶ್ನೆ. ಜೋರಾಗಿ ಓದುವಾಗ ಅಲ್ಲಿ ಒಂಚೂರು ನಿಲ್ಲಿಸ್ತೀನಿ, ಅದಕ್ಕೇ ಅಂದರು ಆಕೆ. ಕೊಟ್ಟ ಆಯ್ಕೆಗಳಲ್ಲಿ ಅದು ಇರಲೇ ಇಲ್ಲ!

ಹಾಗಂತ ಕವಿ ಹೇಳಿದ್ದೇ ಅಂತಿಮ ಅಂತಲ್ಲ. ಬರೆದಾದ ಮೇಲೆ ಪದ್ಯ ಓದಿದವರದ್ದೂ ಹೌದು. ಆದರೆ ಆ ಓದುಗರ ಪಟ್ಟಿಯಲ್ಲಿ ಹದಿನೈದರ ಹುಡುಗಿಯ ಹೆಸರು ಮಾತ್ರ ಯಾಕಿಲ್ಲ? ಮೌಲ್ಯಮಾಪಕರನ್ನೂ ಪೂರ್ತಿ ಬೈಯೋಕಾಗಲ್ಲ ಬಿಡಿ. ಕಟ್ಟುಗಟ್ಟಲೆ ಉತ್ತರಪತ್ರಿಕೆ ಮುಂದಿರುವಾಗ ಮಾದರಿ ಉತ್ತರ ನೋಡಿ ಟಿಕ್ ಹಾಕೋದೇ ಸುಲಭ. ಮಕ್ಕಳಿಗೂ ಇದು ಚೆನ್ನಾಗಿ ಗೊತ್ತು. ಅದಕ್ಕೇ ಸ್ವಂತ ಬುದ್ಧಿ ಖರ್ಚು ಮಾಡಲ್ಲ.

ಕವಿ, ಕೃತಿ, ಸಂದರ್ಭ, ಛಂದಸ್ಸು ಕೇಳಲಿ, ಅಂಕ ಕೊಡಲಿ. ಅರ್ಥದ ಜಾಗದಲ್ಲಿ ಮಾತ್ರ 'ನಿನಗೆ ಯಾವ ಸಾಲು ಹಿಡಿಸಿತು, ಯಾಕೆ?' ಅಂತ ಕೇಳಿದರೆ ಸಾಕು. ಇಲ್ಲಿರೋ ಕನ್ನಡ ಮೇಷ್ಟ್ರುಗಳೇ, ಟೀಚರುಗಳೇ, ಹೀಗೆ ಕೇಳಿ ನೋಡಿದ್ದೀರಾ? ಮಕ್ಕಳು ಏನು ಬರೆದರು, ಹೇಳಿ.