ಬಳೆ ಬಿಗಿಯಾದಾಗ

ನಮ್ಮ ಹೆಂಗಸರ ಮೈಮೇಲೆ ಅಳತೆಪಟ್ಟಿಗಳಿಗೇನೂ ಕೊರತೆಯಿಲ್ಲ. ಬೆರಳಿಗೆ ಉಂಗುರ, ಮಣಿಕಟ್ಟಿಗೆ ಬಳೆ, ತೋಳಿಗೆ ರವಿಕೆ. ಮೈ ಒಂದು ನೂಲು ಹೆಚ್ಚಾದರೂ ಇವು ಚಾಡಿ ಹೇಳುತ್ತವೆ. ನನ್ನ ಬಲಗೈ ಊದುತ್ತಿದೆಯೆಂದು ಡಾಕ್ಟರಿಗಿಂತ ಮೊದಲು ಹೇಳಿದ್ದು ನಾಲ್ಕು ಗಾಜಿನ ಬಳೆಗಳು.

ಅದಕ್ಕೆ ಎಂಟು ತಿಂಗಳ ಹಿಂದೆ ಸ್ತನದ ಕ್ಯಾನ್ಸರಿಗೆಂದು ಆಪರೇಷನ್ ಆಗಿತ್ತು. ರೋಗ ಕಂಕುಳಿಗೂ ಹರಡಿದ್ದರಿಂದ ಅಲ್ಲಿನ ದುಗ್ಧರಸ ಗ್ರಂಥಿಗಳನ್ನೂ ತೆಗೆದಿದ್ದರು. ಮನೆಗೆ ಬರುವಾಗ ಪಕ್ಕೆಯಲ್ಲೊಂದು ನಳಿಗೆ, ಅದರ ತುದಿಗೊಂದು ಪ್ಲಾಸ್ಟಿಕ್ ಡಬ್ಬಿ. ಕೊಯ್ದ ಜಾಗದಲ್ಲಿ ನೀರು ನಿಲ್ಲದಂತೆ ಅದು ಹೊರಗೆಳೆಯುತ್ತಿತ್ತು. ದಿನವೂ ಎಷ್ಟು ಬಂತೆಂದು ಹಾಜರಿ ಪುಸ್ತಕದ ಹಾಗೆ ಬರೆದಿಟ್ಟೆ. 30 ಮಿಲಿಲೀಟರಿಗಿಂತ ಕಡಿಮೆಯಾದ ಮೇಲೆ ನಳಿಗೆ ತೆಗೆದರು. ಆಮೇಲೂ ನಿಂತಿದ್ದ ಸ್ವಲ್ಪ ನೀರನ್ನು ಒಮ್ಮೆ ಸಿರಿಂಜಿನಿಂದ ಎಳೆದರು. ಅದು ಗಾಯದ ನೀರು, ಕೆಲವೇ ವಾರಗಳಲ್ಲಿ ಒಣಗಿತು.

ಬಳೆ ಹೇಳಿದ್ದು ಬೇರೆ ನೀರಿನ ಕಥೆ. ನಾನು ಸಮಾಜ ಪಾಠದ ಟೀಚರು; ಫಿಸಿಯೋಥೆರಪಿಯ ಹುಡುಗಿ ವಿವರಿಸಿದ್ದನ್ನು ನೀರಾವರಿಯ ಪಾಠದಂತೆಯೇ ಅರ್ಥಮಾಡಿಕೊಂಡೆ. ರಕ್ತನಾಳಗಳಿಂದ ಜಿನುಗಿದ ದ್ರವವನ್ನು ಸಣ್ಣ ಸಣ್ಣ ಕಾಲುವೆಗಳು ಕೂಡಿಸಿ ಮತ್ತೆ ರಕ್ತಕ್ಕೆ ಸೇರಿಸುತ್ತವೆ. ಕೈಯ ಕಾಲುವೆಗಳು ಹೆಚ್ಚಾಗಿ ಕಂಕುಳಿನ ಮೂಲಕವೇ ಹಾಯಬೇಕು. ತೂಬು ಹೋದರೆ ನೀರು ಗದ್ದೆಯಲ್ಲೇ ನಿಲ್ಲುತ್ತದೆ. ಹೀಗೆ ಗ್ರಂಥಿಗಳನ್ನು ತೆಗೆಸಿಕೊಂಡ ಐವರಲ್ಲಿ ಸುಮಾರು ಒಬ್ಬರಿಗೆ ಕೈ ಊದುತ್ತದಂತೆ. ಮೊದಲ ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದು ಪರೀಕ್ಷಿಸುವ ಕ್ರಮ 1990ರ ದಶಕದಲ್ಲಿ ಬಂದಿತು. ಅಷ್ಟರಲ್ಲೇ ಮುಗಿದವರಲ್ಲಿ ಇಪ್ಪತ್ತಕ್ಕೆ ಒಬ್ಬರಿಗೆ ಮಾತ್ರ ಈ ಕಾಟ.

ಮನೆಗೆ ಬಂದವರ ಸಲಹೆಗಳನ್ನು ಕೇಳಬೇಕಿತ್ತು! "ಕೈ ಅಲ್ಲಾಡಿಸಬೇಡ ಕಣೇ" ಎಂದರು ಅತ್ತಿಗೆ. "ನೀರು ಕುಡಿಯೋದು ಕಡಿಮೆ ಮಾಡಿ" ಎಂದರು ಎದುರುಮನೆಯವರು. ಮೂತ್ರ ಹೆಚ್ಚಿಸಿ ನೀರಿಳಿಸುವ ಮಾತ್ರೆಯೂ ಈ ಊತಕ್ಕೆ ಮದ್ದಲ್ಲವೆಂದು ಡಾಕ್ಟರು ಹೇಳಿದ ಮೇಲೆ ಎದುರುಮನೆಯವರು ಸುಮ್ಮನಾದರು. ಕೈಯ ಸ್ನಾಯು ಹಿಂಡಿದರೇ ಆ ನೀರು ಮುಂದೆ ಸರಿಯುವುದು. ನಿಧಾನವಾಗಿ ಹೆಚ್ಚಿಸುತ್ತ ಹೋದರೆ ಭಾರ ಎತ್ತುವ ವ್ಯಾಯಾಮದಿಂದಲೂ ಊತ ಹೆಚ್ಚುವುದಿಲ್ಲವೆಂದು 2009ರಲ್ಲಿ ಅಮೆರಿಕದ ಒಂದು ಅಧ್ಯಯನ ತೋರಿಸಿದೆ. ಅತ್ತಿಗೆಗೆ ಇದನ್ನು ನಂಬಿಸಲು ನನಗೆ ಎರಡು ತಿಂಗಳು ಬೇಕಾಯಿತು.

ಮೊದಲು ಪದರಪದರವಾಗಿ ಬ್ಯಾಂಡೇಜು, ಊತ ಇಳಿದ ಮೇಲೆ ಮಣಿಕಟ್ಟಿನಿಂದ ಭುಜದವರೆಗೆ ಬಿಗಿಯಾದ ತೋಳುಚೀಲ. ಬೆಳಿಗ್ಗೆ ಹಾಕಿ ರಾತ್ರಿ ತೆಗೆಯಬೇಕು. ಮಗುವಿನ ಕೆನ್ನೆ ಸವರಿದಷ್ಟು ಹಗುರವಾದ ಮಾಲೀಸು. ಚರ್ಮ ಒಣಗಿ ಬಿರಿಯಬಾರದು. ಒಗ್ಗರಣೆ ಸಿಡಿದರೂ ಈಳಿಗೆಮಣೆ ತಾಗಿದರೂ ಅಸಡ್ಡೆ ಸಲ್ಲದು. ಕೈ ಕೆಂಪಗಾಗಿ ಬಿಸಿಯಾದರೆ, ಜ್ವರ ಬಂದರೆ, ಅಂದೇ ಡಾಕ್ಟರ ಬಳಿ ಓಡಬೇಕು. ಬಲಗೈಗೆ ಬಳೆ ಬಿಟ್ಟೆ. ಮುತ್ತೈದೆಯ ಕೈ ಬರಿದಾಯಿತೆಂದು ತವರಿನಲ್ಲಿ ಕೊರಗಿದರು. ಈ ಕೈಯಲ್ಲಿ ಬೋರ್ಡಿನ ಮೇಲೆ ಬರೆಯಬೇಕಲ್ಲ, ನನಗೆ ಅದರ ಚಿಂತೆ. ಎರಡು ಕೈಗಳ ಸುತ್ತಳತೆಯಲ್ಲಿ 3 ಸೆಂಟಿಮೀಟರ್ ಇದ್ದ ವ್ಯತ್ಯಾಸ ಈಗ ಒಂದೂವರೆಗೆ ಇಳಿದಿದೆ. ಪೂರ್ತಿ ಹೋಗುವಂಥದ್ದಲ್ಲ, ಹತೋಟಿಯಲ್ಲಿಟ್ಟುಕೊಳ್ಳುವಂಥದ್ದು.

ತೋಳುಚೀಲ ಹಾಕಿಕೊಂಡು ಶಾಲೆಗೆ ಹೋದ ದಿನ ಸ್ಟಾಫ್ ರೂಮಿನಲ್ಲಿ ಒಬ್ಬರು, "ಉದ್ದ ತೋಳಿನ ರವಿಕೆ ಹೊಲಿಸಿಕೊಳ್ಳಿ, ಕಾಣೋದಿಲ್ಲ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಒಂಬತ್ತನೇ ತರಗತಿಯ ಹುಡುಗಿಯರು "ಕೈಗೆ ಏನಾಯ್ತು ಮೇಡಂ?" ಎಂದಾಗ ನಾನು ಉಳುಕು ಎಂದು ಹೇಳಲಿಲ್ಲ. ಆಗಿದ್ದನ್ನು ಆಗಿದ್ದ ಹಾಗೇ ಹೇಳಿದೆ. ತರಗತಿ ಗಪ್ಪಾಯಿತು.

ವಾರದ ಮೇಲೆ ಅವರಲ್ಲೊಬ್ಬಳ ತಾಯಿ ಬಂದರು. ಸೆರಗಿನಡಿಯಿಂದ ತಮ್ಮ ಎಡಗೈ ಹೊರತೆಗೆದರು. ನನ್ನದಕ್ಕಿಂತ ಎರಡರಷ್ಟು ಊದಿತ್ತು. ಆಪರೇಷನ್ ಆಗಿ ನಾಲ್ಕು ವರ್ಷವಂತೆ. "ಜೀವ ಉಳೀತಲ್ಲ, ಕೈಗೋಸ್ಕರ ಮತ್ತೆ ಯಾರನ್ನ ಕೇಳೋದು ಅಂತ ಸುಮ್ಮನಿದ್ದೆ ಮೇಡಂ" ಎಂದರು.

ಉಳಿದ ಜೀವಕ್ಕೆ ಕೈಯೂ ಬೇಕಲ್ಲವೇ? ಮುಂದಿನ ಶನಿವಾರ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಆಸ್ಪತ್ರೆಗೆ ಹೊರಟೆವು.