ಗಾಳಿಗೆ ಎದುರು ಹೇಳಿದ ಮಾತು

ಚಳಿಗಾಲದಲ್ಲಿ ನಮ್ಮೂರು ಹೂಡೆಯ ಕಡಲನ್ನು ನೋಡಿ ಹೋದವರಿಗೆ ಆಷಾಢದಲ್ಲಿ ಅದರ ಗುರುತೇ ಸಿಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆ ಬಂದರಿನಲ್ಲಿ ಬೋಟುಗಳು ಒತ್ತಿ ನಿಂತಿರುತ್ತವೆ, ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಹೋಗುವುದಿಲ್ಲ, ಮಲ್ಪೆ ಬೀಚಿನಲ್ಲಿ ನೀರಿಗೆ ಇಳಿಯದಂತೆ ಬಲೆ ಕಟ್ಟಿರುತ್ತಾರೆ. ಆಗ ಘಟ್ಟದ ಮೇಲಿನಿಂದ ಬಂದ ಕಾರುಗಳು ತೊಟ್ಟಂ ದಾಟಿ ನಮ್ಮ ಕಡೆ ತಿರುಗುತ್ತವೆ. ಒಂದು ಬದಿಗೆ ಸುವರ್ಣಾ ನದಿ, ಇನ್ನೊಂದು ಬದಿಗೆ ಕಡಲು, ಮಧ್ಯೆ ತೆಂಗಿನ ತೋಟ ಮತ್ತು ಕೋಡಿಬೆಂಗ್ರೆಗೆ ಹೋಗುವ ರಸ್ತೆ. ಇಷ್ಟು ಚಂದದ ಜಾಗಕ್ಕೆ ಬಂದವರು ಕಾಲು ಒದ್ದೆ ಮಾಡದೆ ಹೋಗಲಿ ಎಂದರೆ ಯಾರು ಕೇಳುತ್ತಾರೆ?

ಅವರಿಗೆ ಹೇಳುವವರು ಬೇಕು ಎಂದು ಊರಿನ ಹುಡುಗರು ಒಂದು ಮೆಗಾಫೋನ್ ತಂದರು. ಇಲ್ಲಿ ಅದನ್ನು ಎಲ್ಲರೂ ಹ್ಯಾಂಡ್ ಮೈಕ್ ಎನ್ನುತ್ತಾರೆ. ನಾನು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವ. ಅಸೆಂಬ್ಲಿಯಲ್ಲಿ ಮೈಕ್ ಇಲ್ಲದೆಯೇ ಕೊನೆಯ ಸಾಲಿಗೆ ಮುಟ್ಟುವ ಸ್ವರ ನನ್ನದು. "ಮಾಸ್ಟ್ರೆ, ನೀವೇ ಹೇಳಿ" ಎಂದು ಹುಡುಗರು ಕೈಗೆ ಕೊಟ್ಟಾಗ ಸಂತೋಷವಾಯಿತು. ಆ ರಾತ್ರಿ ಕುಳಿತು ಹೇಳಬೇಕಾದ್ದನ್ನು ಕಾಗದದಲ್ಲಿ ಬರೆದೆ: "ಪ್ರವಾಸಿಗರಲ್ಲಿ ನಮ್ರ ವಿನಂತಿ. ಸಮುದ್ರವು ಪ್ರಕ್ಷುಬ್ಧವಾಗಿರುವ ಕಾರಣ ಸಾರ್ವಜನಿಕರು ನೀರಿಗೆ ಇಳಿಯಬಾರದಾಗಿ ಈ ಮೂಲಕ ತಿಳಿಸಲಾಗಿದೆ." ತಿದ್ದಿ ತಿದ್ದಿ ಬರೆದ ವಾಕ್ಯ. ವ್ಯಾಕರಣದಲ್ಲಿ ಒಂದು ತಪ್ಪಿಲ್ಲ.

ಮರುದಿನ ಭಾನುವಾರ. ಮಳೆ ಸ್ವಲ್ಪ ಬಿಟ್ಟಿತ್ತು, ಗಾಳಿ ಬಿಟ್ಟಿರಲಿಲ್ಲ. ನಾನು ರಸ್ತೆಯ ಬದಿಯ ದಿಬ್ಬದ ಮೇಲೆ ನಿಂತು ಆ ವಾಕ್ಯವನ್ನು ಮತ್ತೆ ಮತ್ತೆ ಓದಿದೆ. ನೀರಿನ ಅಂಚಿನಲ್ಲಿದ್ದ ಒಂದು ಕುಟುಂಬ ನನ್ನ ಕಡೆ ತಿರುಗಿ ನೋಡಿತು, ಮತ್ತೆ ಕಡಲಿಗೆ ಮುಖ ಮಾಡಿತು. ಕೇಳಿಸಿಕೊಂಡೂ ನಿರ್ಲಕ್ಷಿಸಿದರು ಎಂದು ನನಗೆ ಸಿಟ್ಟು ಬಂತು. ಹೇಳುವುದು ನನ್ನ ಕೆಲಸ, ಹೇಳಿ ಆಗಿದೆ, ಇನ್ನು ಅವರ ಹಣೆಬರಹ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಇಂದಿಗೂ ನನ್ನನ್ನು ಕೊರೆಯುವುದು ಆ ಒಂದು ಯೋಚನೆ.

ಅವರ ಮಗ, ಹೈಸ್ಕೂಲ್ ಪ್ರಾಯದ ಹುಡುಗ, ತೆರೆ ಒಡೆಯದ ಜಾಗ ನೋಡಿ ಇಳಿದ. ಎರಡೂ ಬದಿಯಲ್ಲಿ ನೊರೆ, ನಡುವೆ ಮಾತ್ರ ನೀರು ಸಮ ಇದ್ದಂತೆ ಕಾಣುತ್ತಿತ್ತು. ಹೊಸಬರು ಆರಿಸುವುದು ಅದನ್ನೇ. ದಡಕ್ಕೆ ನುಗ್ಗಿದ ನೀರು ವಾಪಸು ಕಡಲಿಗೆ ಓಡುವ ದಾರಿ ಅದು, ಸೆಳೆತ ಇರುವುದು ಅಲ್ಲೇ. ನೋಡುನೋಡುತ್ತಿದ್ದಂತೆ ಹುಡುಗನ ತಲೆ ದೂರ ಹೋಯಿತು. ನಾನು ಮೈಕಿನಲ್ಲಿ ಇನ್ನೂ ಜೋರಾಗಿ ಕೂಗಿದೆ. ಕೂಗಿದ್ದು ಅದೇ ವಾಕ್ಯ, ಮೊದಲಿನಿಂದ.

ದಡದಿಂದ ಎಳೆಯುವ ಕೈರಂಪಣಿ ಬಲೆಯ ಹಗ್ಗ ಒಣಗಿಸುತ್ತಿದ್ದ ಹಿರಿಯರೊಬ್ಬರು ಆಗ ನನ್ನನ್ನು ದಾಟಿ ಓಡಿದರು. ನೀರಿನಂಚಿಗೆ ಹೋಗಿ ಹೆಗಲ ಮೇಲಿನ ಬೈರಾಸನ್ನು, ಅಂದರೆ ಟವೆಲನ್ನು, ಎರಡೂ ಕೈಯಲ್ಲಿ ಹಿಡಿದು ಬಲಗಡೆಗೆ ಬೀಸಿದರು, ಮತ್ತೆ ಬಲಗಡೆಗೇ ಬೀಸಿದರು. ದಡಕ್ಕೆ ನೇರ ಈಜಬೇಡ, ಪಕ್ಕಕ್ಕೆ ಹೋಗು ಎಂದು. ಬಲೆ ಎಳೆಯುವಾಗ ಇವರು ದೋಣಿಯವರಿಗೆ ಸನ್ನೆ ಮಾಡುವುದೂ ಹೀಗೆಯೇ. ಹುಡುಗನಿಗೆ ಅದು ಕಾಣಿಸಿತು. ಪಕ್ಕಕ್ಕೆ ಕೈ ಬಡಿದ. ಅಷ್ಟರಲ್ಲಿ ಇಬ್ಬರು ಯುವಕರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಟ್ಯೂಬ್ ಹಿಡಿದು ಇಳಿದಿದ್ದರು. ಹುಡುಗ ಬದುಕಿದ.

ಅವನ ತಂದೆ ನಡುಗುತ್ತಾ ನನ್ನ ಹತ್ತಿರ ಬಂದರು. "ಏನೋ ಹೇಳ್ತಾ ಇದ್ರಿ ಸರ್, ಯಾವುದೋ ಪ್ರಚಾರ ಅಂದ್ಕೊಂಡ್ವಿ" ಅಂದರು. ಅವರ ದನಿಯಲ್ಲಿ ದೂರು ಇರಲಿಲ್ಲ. ಅದಕ್ಕೇ ನನಗೆ ತಲೆ ಎತ್ತಲು ಆಗಲಿಲ್ಲ. ಮನೆಗೆ ಹೋದರೆ, ತೋಟದ ಆಚೆ ಅಂಗಳದಲ್ಲಿದ್ದ ಹೆಂಡತಿ, "ನೀವು ಹೇಳಿದ್ದು ಅಕ್ಷರ ಅಕ್ಷರ ಕೇಳಿತು" ಅಂದಳು.

ಸಂಜೆ ಆ ಹಿರಿಯರನ್ನು ಹುಡುಕಿಕೊಂಡು ಹೋದೆ. ಅವರು ಬೈಯಲಿಲ್ಲ. "ಮಾಸ್ಟ್ರೆ, ಗಾಳಿ ಪಡುವಿನಿಂದ ಬರುವುದು. ನೀವು ಪಡುವಿಗೆ ಮುಖ ಮಾಡಿ ಮಾತಾಡಿದ್ದು. ಅದು ಹಿಂದೆ ಊರಿಗೆ ಕೇಳುವುದು, ಕಡಲಿಗಲ್ಲ. ನಮಗೆ ಇದು ಚಿಕ್ಕಂದಿನಿಂದ ಗೊತ್ತುಂಟು" ಎಂದಷ್ಟೇ ಹೇಳಿದರು.

ಆಮೇಲೆ ಓದಿ ತಿಳಿದುಕೊಂಡೆ. ನೆಲದ ಹತ್ತಿರ ಗಾಳಿಯ ವೇಗ ಕಡಿಮೆ, ಮೇಲೆ ಹೋದಂತೆ ಹೆಚ್ಚು. ಹಾಗಾಗಿ ಗಾಳಿಗೆ ಎದುರಾಗಿ ಹೊರಟ ಸದ್ದು ಸ್ವಲ್ಪ ದೂರದಲ್ಲಿ ಮೇಲಕ್ಕೆ ಬಾಗುತ್ತದೆ, ಕೆಳಗಿದ್ದವರ ತಲೆಯ ಮೇಲಿಂದ ಹಾದುಹೋಗುತ್ತದೆ. ಗಾಳಿಯ ಜೊತೆ ಹೊರಟದ್ದು ನೆಲದ ಕಡೆಗೆ ಬಾಗುತ್ತದೆ. ಜಾರ್ಜ್ ಸ್ಟೋಕ್ಸ್ ಎಂಬ ವಿಜ್ಞಾನಿ ಇದಕ್ಕೆ 1857ರಲ್ಲೇ ಕಾರಣ ಕೊಟ್ಟಿದ್ದರು. ಗಾಳಿಯೇ ಇಲ್ಲದ ಬಯಲಿನಲ್ಲೂ ದೂರ ಎರಡು ಪಟ್ಟಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಮೈಕಿನ ವಾಲ್ಯೂಮ್ ತಿರುಗಿಸುವುದಕ್ಕಿಂತ ಇಪ್ಪತ್ತು ಹೆಜ್ಜೆ ಮುಂದೆ ನಡೆಯುವುದು ಮೇಲು.

ಆದರೆ ತಪ್ಪನ್ನೆಲ್ಲ ಗಾಳಿಯ ತಲೆಗೆ ಕಟ್ಟಲಾರೆ. ವಾಕ್ಯವೂ ನನ್ನದೇ. ಕನ್ನಡದಲ್ಲಿ ಬೇಡ ಎನ್ನುವುದು ಬರುವುದು ಕೊನೆಗೆ. "ನೀರಿಗೆ ಇಳಿಯಬಾರದು" ಎಂಬುದರಲ್ಲಿ ಬಾಲವನ್ನು ತೆರೆಯ ಸದ್ದು ನುಂಗಿದರೆ ಉಳಿಯುವುದು ನೀರು ಮತ್ತು ಇಳಿ ಮಾತ್ರ. ಹ್ಯಾಂಡ್ ಮೈಕಿನ ಗುಂಡಿ ಒತ್ತಿದ ಕೂಡಲೇ ಬಾಯಿ ತೆರೆದರೆ ಮೊದಲ ಅಕ್ಷರವೂ ಹೋಗುತ್ತದೆ. ಬಾಯಿಗೆ ತೀರಾ ಹತ್ತಿರ ಹಿಡಿದರೆ ಸ್ವರಗಳು ಊದಿಕೊಂಡು ವ್ಯಂಜನಗಳು ಕಲಸಿಹೋಗುತ್ತವೆ. ನಾನು ಕಚೇರಿಯ ಸುತ್ತೋಲೆಯ ಭಾಷೆಯನ್ನು ಕಡಲಿಗೆ ಓದಿ ಹೇಳಿದ್ದೆ. ಆ ಭಾಷೆ ಕೇಳುವವರಿಗಾಗಿ ಹುಟ್ಟಿದ್ದಲ್ಲ, ಹೇಳಿದ್ದೇವೆ ಎಂದು ದಾಖಲೆ ಇಡುವವರಿಗಾಗಿ ಹುಟ್ಟಿದ್ದು. ಜಾತ್ರೆಯಲ್ಲಿ, ಸಭೆಯಲ್ಲಿ, ಬಸ್ ನಿಲ್ದಾಣದಲ್ಲಿ "ಮೈಕಲ್ಲಿ ಹೇಳಿದ್ದೇವಲ್ಲ" ಎಂದು ನಾವೆಲ್ಲ ಎಷ್ಟು ಸುಲಭವಾಗಿ ಕೈತೊಳೆದುಕೊಳ್ಳುತ್ತೇವೆ! ತರಗತಿಯಲ್ಲೂ ನಾನು ಹೀಗೆಯೇ ಇದ್ದೆನೋ ಏನೋ. ಪಾಠ ಮುಗಿಸಿದ್ದೇನೆ, ಅರ್ಥವಾಗದಿದ್ದರೆ ಮಕ್ಕಳ ತಪ್ಪು ಎಂದು ಎಷ್ಟು ಸಲ ಅಂದುಕೊಂಡಿದ್ದೇನೆ. ಆ ಮಕ್ಕಳನ್ನು ಈಗ ಎಲ್ಲಿ ಹುಡುಕಲಿ?

ಈಗ ನಾನು ಕಾರು ನಿಲ್ಲುವ ಜಾಗಕ್ಕೇ ಹೋಗುತ್ತೇನೆ. ಬಾಗಿಲು ತೆಗೆದು ಇಳಿದವರ ಹತ್ತಿರ, ಕಣ್ಣು ನೋಡಿ, ಕೈ ತೋರಿಸಿ, ಎಲ್ಲಿ ಸೆಳೆತ ಉಂಟೆಂದು ಹೇಳುತ್ತೇನೆ. ಅದಕ್ಕೆ ಮೈಕ್ ಬೇಡ. ಅಷ್ಟಾಗಿಯೂ ಯಾರಾದರೂ ಇಳಿದರೆ ನೀರಂಚಿಗೆ ಹೋಗಿ, ಗುಂಡಿ ಒತ್ತಿ ಒಂದು ಉಸಿರು ತಡೆದು, "ಬೇಡ! ಬೇಡ! ಮೇಲೆ ಬನ್ನಿ!" ಅಷ್ಟೇ. ಹೆಗಲ ಮೇಲೆ ಕೆಂಪು ಬೈರಾಸು ಇರುತ್ತದೆ.

ಹುಡುಗರಿಗೆ ಒಂದು ಮಾತು ಹೇಳಿಟ್ಟಿದ್ದೇನೆ. ಮೇ ಕೊನೆಗೆ ಪಡುಗಾಳಿ ಜೋರಾದ ಕೂಡಲೇ ಒಬ್ಬ ದಿಬ್ಬದ ಮೇಲೆ ನಿಂತು ಮೈಕಿನಲ್ಲಿ ಮಾತಾಡಬೇಕು. ಇನ್ನೊಬ್ಬ ನೀರಂಚಿನ ಒಣ ಮರಳಿನಲ್ಲಿ ನಿಂತು ತನಗೆ ಕೇಳಿಸಿದ್ದನ್ನು ಕೇಳಿಸಿದ ಹಾಗೆಯೇ ಚೀಟಿಯಲ್ಲಿ ಬರೆಯಬೇಕು. ಆಮೇಲೆ ಇಬ್ಬರೂ ಜಾಗ ಬದಲಿಸಬೇಕು. ಚೀಟಿ ನೋಡಿ ಮಾತನ್ನು ತಿದ್ದಿಕೊಳ್ಳಬೇಕು. ಮೊದಲು ಚೀಟಿ ಹಿಡಿದು ನೀರಂಚಿಗೆ ಹೋಗುವವನು ನಾನು.